‘ಸಮ ಮಾಡು’ ಎನ್ನಲು ಇಂಗ್ಲಿಷಿನಲ್ಲಿ ಎಷ್ಟು ಶಬ್ದ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕರಾವಳಿಯಲ್ಲಿ ಮಿಕ್ಸಿ ಕೆಟ್ಟರೂ ‘ಸಮ ಮಾಡಿ’, ಪಹಣಿಯಲ್ಲಿ ಹೆಸರು ತಪ್ಪಿದರೂ ‘ಸಮ ಮಾಡಿ’, ಮದುವೆಮನೆಯಲ್ಲಿ ಮುನಿಸಿಕೊಂಡು ಕೂತ ಭಾವನನ್ನೂ ಯಾರಾದರೂ ಹೋಗಿ ‘ಸಮ ಮಾಡಿ’. ಒಂದೇ ಮಾತಿನಲ್ಲಿ ಮೂರು ಕೆಲಸ ಮುಗಿಯುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕರೆಕ್ಟ್, ರೆಕ್ಟಿಫೈ, ಅಮೆಂಡ್, ರಿವೈಸ್, ಮಾಡಿಫೈ, ಆಲ್ಟರ್ ಎಂದು ಒಂದು ಸಾಲೇ ಎದುರು ನಿಲ್ಲುತ್ತದೆ.

ನಾನು ಮೊದಲು ಮಂಗಳೂರಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುತ್ತಿದ್ದೆ, ಆಮೇಲೆ ಉಡುಪಿಯಲ್ಲಿ ಇಂಗ್ಲಿಷ್ ಮಾಷ್ಟ್ರನಾದೆ. ನಿವೃತ್ತಿಯಾದ ಮೇಲೂ ಹಳೆ ಮಕ್ಕಳು, ಬ್ಯಾಂಕಿನವರು, ದುಬೈಯಿಂದ ಫೋನ್ ಮಾಡುವ ಹುಡುಗರು ಈ ಶಬ್ದಗಳ ಬಗ್ಗೆ ಕೇಳಿದ್ದನ್ನೇ ಕೇಳುತ್ತಿರುತ್ತಾರೆ. ಅವರವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟು ಉತ್ತರ ಬರೆದಿದ್ದೇನೆ.

## ಮೊದಲು ಮನೆ, ಬೀದಿ, ಅಂಗಡಿ

ಮಾಷ್ಟ್ರೇ, ಎಲ್ಲ ಸಮಾನಾರ್ಥಕ ಅಂತಾದರೆ ಯಾವುದನ್ನು ಹಾಕಿದರೂ ಆಗಬೇಕಲ್ಲ?

ಆಗುವುದಿಲ್ಲ. ಅಮರಕೋಶದಲ್ಲಿ ನೀರಿಗೆ ಹತ್ತಾರು ಹೆಸರು ಒಟ್ಟಿಗೆ ಇವೆ. ಹಾಗಂತ ಹೋಟೆಲಿನಲ್ಲಿ ಕೂತು ‘ಒಂದು ಲೋಟ ಸಲಿಲ ಕೊಡಿ’ ಎಂದು ಯಾರೂ ಕೇಳುವುದಿಲ್ಲ. ಒಂದು ಗುಂಪಿಗೆ ಸೇರಿದ ಶಬ್ದಗಳು ನೆಂಟರಿದ್ದ ಹಾಗೆ, ಒಬ್ಬರ ಮನೆಯಲ್ಲಿ ಇನ್ನೊಬ್ಬರು ಯಜಮಾನಿಕೆ ಮಾಡಲು ಹೋದರೆ ಜಗಳವೇ.

ನಾನು ಮಕ್ಕಳಿಗೆ ಹೇಳುತ್ತಿದ್ದುದು ಇಷ್ಟು: ಮೊದಲು ‘ಅಲ್ಲಿ ತಪ್ಪು ಇತ್ತಾ?’ ಎಂದು ಕೇಳಿಕೊಳ್ಳಿ. ಕರೆಕ್ಟ್ ಎಂದರೆ ಮೊದಲೇ ತಪ್ಪು ಇತ್ತು ಎಂದು ಒಪ್ಪಿಕೊಂಡ ಹಾಗೆ. ಚೇಂಜ್ ಎಂದರೆ ತಪ್ಪಿನ ಮಾತೇ ಇಲ್ಲ, ಮೊದಲಿನದು ಹೋಗಿ ಇನ್ನೊಂದು ಬಂತು, ಅಷ್ಟೆ. ಕುಂದಾಪುರ ಬಿಟ್ಟು ಮಣಿಪಾಲಕ್ಕೆ ಮನೆ ಮಾಡಿದವರು ಬ್ಯಾಂಕಿಗೆ ವಿಳಾಸ ‘ಚೇಂಜ್’ ಮಾಡಿ ಎಂದು ಬರೆಯಬೇಕು. ಮಣಿಪಾಲದಲ್ಲೇ ಇದ್ದವರ ವಿಳಾಸವನ್ನು ಬ್ಯಾಂಕಿನವರು ತಪ್ಪಾಗಿ ಬರೆದಿದ್ದರೆ ‘ಕರೆಕ್ಟ್’ ಮಾಡಿ ಎನ್ನಬೇಕು. ಮೊದಲನೆಯವರು ಹೊಸ ಮನೆಯ ದಾಖಲೆ ಕೊಡಬೇಕಾಗುತ್ತದೆ, ಎರಡನೆಯವರು ಮೊದಲೇ ಕೊಟ್ಟದ್ದನ್ನು ತೋರಿಸಿದರೆ ಸಾಕು. ಶಬ್ದ ತಪ್ಪಿದರೆ ಇನ್ನೊಂದು ಸಲ ಬ್ಯಾಂಕಿನ ಮೆಟ್ಟಿಲು ಹತ್ತಬೇಕು.

ಫಿಕ್ಸ್, ರಿಪೇರ್, ಮೆಂಡ್ ಮೂರೂ ರಿಪೇರಿಯೇ ಅಲ್ವಾ?

ಮೂರೂ ರಿಪೇರಿಯೇ, ಆದರೆ ಒಂದೊಂದಕ್ಕೂ ಒಂದೊಂದು ಜಾಗ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ ಇರುವಾಗ ಮಲ್ಪೆ ಬಂದರಿಗೆ ಹೋಗಿ ನೋಡಿ. ಹರಿದ ಬಲೆಯ ಕಣ್ಣುಗಳನ್ನು ನೂಲಿನಿಂದ ಸೇರಿಸುತ್ತಾ ಕೂತವರು ಮಾಡುವುದು ಮೆಂಡ್. ಹರಿದದ್ದು, ತೂತಾದದ್ದು, ಮುರಿದದ್ದನ್ನು ಹೊಲಿದು ಬೆಸೆಯುವ ಕೆಲಸಕ್ಕೆ ಆ ಶಬ್ದ. ಅಲ್ಲೇ ಪಕ್ಕದಲ್ಲಿ ಬೋಟಿನ ಇಂಜಿನ್ ಬಿಚ್ಚಿ ಹಾಕಿದವರು ಮಾಡುವುದು ರಿಪೇರ್, ಯಂತ್ರಕ್ಕೆ, ರಸ್ತೆಗೆ, ಕಟ್ಟಡಕ್ಕೆ ಅದೇ. ಫಿಕ್ಸ್ ಬಾಯಿಮಾತಿನ ಶಬ್ದ, ಅಮೆರಿಕದವರಿಗೆ ಬಲು ಪ್ರಿಯ. ನಲ್ಲಿಯಿಂದ ಹಿಡಿದು ಸಾಫ್ಟ್‌ವೇರಿನವರೆಗೆ ಅವರು ಎಲ್ಲವನ್ನೂ ಫಿಕ್ಸ್ ಮಾಡುತ್ತಾರೆ.

ನಮ್ಮಲ್ಲಿ ಮಾತ್ರ ಫಿಕ್ಸ್ ಎಂದರೆ ನಿಗದಿ. ‘ತಂಗಿಯ ಮದುವೆ ಫಿಕ್ಸ್ ಆಯ್ತು’ ಎಂಬುದನ್ನು ಅಮೆರಿಕದ ಬಾಸಿಗೆ ಹಾಗೆಯೇ ಬರೆದ ಹುಡುಗನೊಬ್ಬನಿಗೆ ‘ಮೊದಲು ಏನು ಕೆಟ್ಟಿತ್ತು?’ ಎಂದು ಉತ್ತರ ಬಂತಂತೆ. ಹಾಗೆಯೇ ‘ಬೈಕ್ ರಿಪೇರಿಗೆ ಬಂದಿದೆ’ ಎಂಬ ನಮ್ಮ ಮಾತನ್ನು ಬಂದದ್ದು ಹೋದದ್ದು ಎಂದು ಅನುವಾದ ಮಾಡಬೇಡಿ. ‘ದಿ ಬೈಕ್ ನೀಡ್ಸ್ ರಿಪೇರಿಂಗ್’ ಎಂದರೆ ಮುಗಿಯಿತು.

ಅಜ್ಜನ ಹಂಚಿನ ಮನೆ ಸಮ ಮಾಡಿಸಿದೆವು. ಅದು ರಿನೋವೇಶನ್ನಾ, ರೆಸ್ಟೋರೇಶನ್ನಾ?

ಎಷ್ಟು ಮಾಡಿಸಿದ್ದೀರಿ ಎಂಬುದರ ಮೇಲೆ ಹೋಗುತ್ತದೆ. ಒಡೆದ ನಾಲ್ಕು ಹಂಚು ತೆಗೆದು ಬೇರೆ ಹಂಚು ಹಾಕಿದರೆ ಹಂಚನ್ನು ರಿಪ್ಲೇಸ್ ಮಾಡಿದಿರಿ, ಮಾಡನ್ನು, ಅಂದರೆ ಸೂರನ್ನು, ರಿಪೇರ್ ಮಾಡಿದಿರಿ. ನೆಲಕ್ಕೆ ಗ್ರಾನೈಟ್, ಹೊಸ ವೈರಿಂಗ್, ಬಚ್ಚಲಿಗೆ ಟೈಲ್ಸ್ ಎಂದು ಇಡೀ ಮನೆಗೆ ಹೊಸತನ ತಂದಿದ್ದರೆ ರಿನೋವೇಟ್. ಒಳಗಿನ ಗೋಡೆ ಒಡೆದು ಚಾವಡಿಯನ್ನು ಬೆಡ್‌ರೂಮ್ ಮಾಡಿದ್ದರೆ ಅದು ರಿಮಾಡೆಲ್. ರೆಸ್ಟೋರ್ ಎಂದರೆ ಇದಕ್ಕೆ ಪೂರಾ ಉಲ್ಟಾ. ನಡುವೆ ಯಾರೋ ಬಳಿದ ಆಯಿಲ್ ಪೇಂಟ್ ಕೆರೆದು, ಮರದ ಕಂಬದ ಮೊದಲಿನ ಮೈ ತೋರಿಸಿ, ಹಳೆಯ ಹಂಚಿನ ಅಳತೆಯದ್ದನ್ನೇ ಹುಡುಕಿ ತಂದು, ಕಟ್ಟಿದ ಕಾಲದಲ್ಲಿ ಹೇಗಿತ್ತೋ ಹಾಗೆ ಮಾಡುವುದು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆ ಕಾಲದ ಹಂಚು ಮಾಡಿನ ಮೇಲೆ ಇನ್ನೂ ಉಳಿದಿದ್ದರೆ ಅದನ್ನು ತೆಗೆದು ಶೀಟ್ ಹಾಕಿಸಿ ‘ರೆಸ್ಟೋರೇಶನ್’ ಎಂದು ಮಾತ್ರ ಬರೆಯಬೇಡಿ.

ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕರೆಯೋಲೆಯಲ್ಲಿ ರಿನೋವೇಶನ್ ಎಂದೇ ಹಾಕುತ್ತಾರೆ. ಸುತ್ತುಪೌಳಿಗೆ ಕಾಂಕ್ರೀಟ್ ಬರುವುದನ್ನು ನೋಡಿದರೆ ಆ ಶಬ್ದವೇ ಪ್ರಾಮಾಣಿಕ.

ಟೈಲರ್ ಹತ್ತಿರ ಆಲ್ಟರ್ ಅನ್ನುತ್ತೇವೆ. ಬೈಕಿಗೆ ಮಾಡಿಫೈ ಅನ್ನುತ್ತೇವೆ. ಯಾಕೆ?

ಬಟ್ಟೆಗೆ ಆಲ್ಟರ್ ರೂಢಿಯಾಗಿ ಹೋಗಿದೆ, ಚೂಡಿದಾರ ಚೂಡಿದಾರವೇ, ಸೊಂಟದ ಅಳತೆ ಮಾತ್ರ ಬೇರೆ. ಮಾಡಿಫೈ ಎಂಬುದರ ಒಳಗೆ ಲ್ಯಾಟಿನ್ನಿನ ‘ಅಳತೆ’ ಎಂಬ ಶಬ್ದ ಇದೆ. ಇದ್ದದ್ದನ್ನು ಒಂದು ಉದ್ದೇಶಕ್ಕಾಗಿ ಅಲ್ಲಲ್ಲಿ ಮಾರ್ಪಡಿಸುವುದು ಅದು. ಹುಡುಗರು ಸೈಲೆನ್ಸರ್ ಬದಲಿಸಿ ‘ಮಾಡಿಫೈಡ್ ಬೈಕ್’ ಎಂದು ಹೆಮ್ಮೆಪಡುತ್ತಾರೆ. ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಅದನ್ನೇ ‘ಆಲ್ಟರೇಶನ್’ ಎಂದು ಕರೆದು, ಕಂಪನಿ ಕೊಟ್ಟ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಮಾಡಬಾರದು ಎನ್ನುತ್ತದೆ. ಪೊಲೀಸರು ಹಿಡಿದಾಗ ‘ನಾನು ಆಲ್ಟರ್ ಮಾಡಿಲ್ಲ ಸರ್, ಮಾಡಿಫೈ ಮಾತ್ರ’ ಎಂದರೆ ಉಪಯೋಗ ಇಲ್ಲ.

ಇನ್ನು ಅಡ್ಜಸ್ಟ್. ಸೈಕಲ್ ಸೀಟು, ಕನ್ನಡಿ, ಗಡಿಯಾರ ಇವುಗಳನ್ನು ಸ್ವಲ್ಪ ಆಚೀಚೆ ಸರಿಸಿ ಹೊಂದಿಸುವುದು. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಎಂದು ಎರಡು ಜನರ ಸೀಟಿನಲ್ಲಿ ಮೂರನೆಯವರು ಕೂರುವುದು ನಮ್ಮ ಸ್ವಂತ ಉತ್ಪಾದನೆ. ಇಂಗ್ಲಿಷಿನವರಿಗೆ ಅದು ‘ಕುಡ್ ಯು ಮೂವ್ ಓವರ್ ಎ ಬಿಟ್’.

ಅಮ್ಮನಿಗೆ ಜ್ವರ ಸುಧಾರಿಸಿದೆ ಅನ್ನಲು ‘ಫೀವರ್ ಇಂಪ್ರೂವ್ಡ್’ ಅಂತ ಬರೆದೆ. ತಪ್ಪಾಯಿತಾ?

ಆಯಿತು. ಜ್ವರವೇ ಸುಧಾರಿಸಿ ಇನ್ನೂ ಚೆನ್ನಾದ ಜ್ವರವಾದ ಹಾಗೆ ಕೇಳುತ್ತದೆ. ‘ಶಿ ಇಸ್ ಬೆಟರ್’ ಸಾಕು.

ರಿಪ್ಲೇಸ್ ಮತ್ತು ಸಬ್‌ಸ್ಟಿಟ್ಯೂಟ್ ಯಾವಾಗಲೂ ಉಲ್ಟಾ ಆಗುತ್ತದೆ ನನಗೆ.

ಎಲ್ಲರಿಗೂ ಆಗುತ್ತದೆ, ಪತ್ರಿಕೆಯವರಿಗೂ. ಸಾಂಬಾರಿನಿಂದ ಹೇಳುತ್ತೇನೆ. ಮಟ್ಟುಗುಳ್ಳ ಸಿಗಲಿಲ್ಲ, ಊರಿನ ಬೇರೆ ಬದನೆ ಹಾಕಿದಿರಿ. ಆಗ ‘ರಿಪ್ಲೇಸ್ಡ್ ಗುಳ್ಳ ವಿತ್ ಬ್ರಿಂಜಾಲ್’: ಹೋದದ್ದು ಮೊದಲು, ಬಂದದ್ದು ಆಮೇಲೆ. ‘ಸಬ್‌ಸ್ಟಿಟ್ಯೂಟೆಡ್ ಬ್ರಿಂಜಾಲ್ ಫಾರ್ ಗುಳ್ಳ’: ಬಂದದ್ದು ಮೊದಲು, ಹೋದದ್ದು ಆಮೇಲೆ. ವಿತ್ ಮತ್ತು ಫಾರ್ ನೆನಪಿಟ್ಟುಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ. ಸಾಂಬಾರು ಮಾತ್ರ ಎರಡರಲ್ಲೂ ಅಷ್ಟಕ್ಕಷ್ಟೇ.

## ಕಚೇರಿ, ಕಾಗದ, ಪ್ರೆಸ್ಸು

ಲಂಡನ್ನಿನಲ್ಲಿ ‘ಪೇಪರ್ ಕರೆಕ್ಷನ್ ಮಾಡಿದ್ದೇನೆ’ ಅಂತ ಹೇಳಿದರೆ ಅವರಿಗೆ ಅರ್ಥವೇ ಆಗಲಿಲ್ಲ.

ಉತ್ತರ ಪತ್ರಿಕೆ ನೋಡಿ ಅಂಕ ಹಾಕುವುದಕ್ಕೆ ಬ್ರಿಟಿಷರು ಮಾರ್ಕ್ ಎನ್ನುತ್ತಾರೆ, ಅಮೆರಿಕದವರು ಗ್ರೇಡ್ ಎನ್ನುತ್ತಾರೆ. ಕರೆಕ್ಟ್ ಎಂದರೆ ಹುಡುಗ ತಪ್ಪು ಬರೆದ ಜಾಗದಲ್ಲಿ ನೀವು ಸರಿಯಾದದ್ದನ್ನು ಬರೆದಿರಿ ಎಂದಾಗುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಹಾಗೆ ಮಾಡಿದರೆ ಕೆಲಸ ಹೋದೀತು.

ರಿವಿಜನ್ ಎಂಬುದಕ್ಕೂ ಇದೇ ಕಥೆ. ಪರೀಕ್ಷೆಗೆ ಮೊದಲು ಓದಿದ್ದನ್ನೇ ಮತ್ತೆ ಓದುವುದಕ್ಕೆ ನಾವು, ಬ್ರಿಟಿಷರು ರಿವೈಸ್ ಎನ್ನುತ್ತೇವೆ, ಅಮೆರಿಕದಲ್ಲಿ ರಿವ್ಯೂ. ಅಲ್ಲಿನವರಿಗೆ ‘ನಾನು ಪಾಠ ರಿವೈಸ್ ಮಾಡಿದೆ’ ಎಂದರೆ ಪಾಠಪುಸ್ತಕವನ್ನೇ ತಿದ್ದಿ ಬರೆದೆ ಎಂಬರ್ಥ.

ರಿವೈಸ್ಡ್ ರಿಟರ್ನ್, ರೆಕ್ಟಿಫಿಕೇಶನ್, ಅಪ್‌ಡೇಟೆಡ್ ರಿಟರ್ನ್… ಇನ್‌ಕಮ್ ಟ್ಯಾಕ್ಸಿನವರು ಒಂದೇ ಕೆಲಸಕ್ಕೆ ಮೂರು ಹೆಸರು ಇಟ್ಟು ಯಾಕೆ ಸತಾಯಿಸುತ್ತಾರೆ?

ಸತಾಯಿಸುವುದು ಬೇರೆ ಕಡೆ ಇರಬಹುದು. ಈ ಹೆಸರುಗಳಲ್ಲಂತೂ ಅವರು ಶಬ್ದಗಳನ್ನು ಚೊಕ್ಕವಾಗಿ ಬಳಸಿದ್ದಾರೆ. ರಿವೈಸ್ ಎಂಬುದರ ಮೂಲದಲ್ಲಿ ‘ಮತ್ತೊಮ್ಮೆ ನೋಡು’ ಎಂದಿದೆ. ನೀವು ಸಲ್ಲಿಸಿದ್ದನ್ನು ನೀವೇ ಮತ್ತೊಮ್ಮೆ ನೋಡಿದಾಗ ಎಫ್‌ಡಿ ಬಡ್ಡಿ ಬಿಟ್ಟುಹೋದದ್ದು ಕಂಡಿತು, ಅವಧಿಯ ಒಳಗೆ ಪುನಃ ಸಲ್ಲಿಸಿದಿರಿ, ಅದು ರಿವೈಸ್ಡ್. ರೆಕ್ಟಿಫೈ ಎಂದರೆ ನೆಟ್ಟಗೆ ಮಾಡುವುದು. ನೀವು ಬರೆದದ್ದು ಸರಿ ಇದೆ, ಇಲಾಖೆಯಿಂದ ಬಂದ ಆದೇಶದಲ್ಲಿ ಟಿಡಿಎಸ್ (ಮೊದಲೇ ಕಡಿತವಾದ ತೆರಿಗೆ) ಲೆಕ್ಕಕ್ಕೇ ಬಂದಿಲ್ಲ, ದಾಖಲೆ ನೋಡಿದ ಕೂಡಲೇ ಕಾಣುವಂಥ ತಪ್ಪು. ಆ ಸೊಟ್ಟವನ್ನು ನೆಟ್ಟಗೆ ಮಾಡಿ ಎಂದು ಕೇಳುವುದು ರೆಕ್ಟಿಫಿಕೇಶನ್. ಅಪ್‌ಡೇಟೆಡ್ ರಿಟರ್ನ್ 2022ರಲ್ಲಿ ಬಂದದ್ದು. ರಿವೈಸ್ ಮಾಡುವ ಅವಧಿ ದಾಟಿದ ಮೇಲೆ ಹೆಚ್ಚುವರಿ ತೆರಿಗೆ ಕಟ್ಟಿ ಬಿಟ್ಟುಹೋದ ಆದಾಯ ಸೇರಿಸಲು ಮಾತ್ರ ಅದು, ರೀಫಂಡ್ ಹೆಚ್ಚಿಸಿಕೊಳ್ಳಲು ಬರುವುದಿಲ್ಲ.

ಅಂದ ಹಾಗೆ ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್, ಮತ್ತೆ ಮತ್ತೆ ಭಟ್ಟಿ ಇಳಿಸಿ ಶುದ್ಧ ಮಾಡಿದ ರೆಕ್ಟಿಫೈಡ್ ಸ್ಪಿರಿಟ್ ಎರಡೂ ಇದೇ ಕುಟುಂಬದವು.

ಜಾಗದ ಕಾಗದಕ್ಕೆ ಎಷ್ಟು ಶಬ್ದ! ತಿದ್ದುಪಡಿ ಪತ್ರ, ಮ್ಯುಟೇಶನ್, ಕನ್ವರ್ಶನ್, ಆರ್‌ಟಿಸಿ ಕರೆಕ್ಷನ್.

ಒಂದೇ ಜಾಗದ ಕಥೆಯಾಗಿ ಹೇಳಿದರೆ ಸುಲಭ. ನೀವು ಹತ್ತು ಸೆಂಟ್ಸ್ ಕೊಂಡಿರಿ. ಪಹಣಿಯಲ್ಲಿ, ಅಂದರೆ ಆರ್‌ಟಿಸಿಯಲ್ಲಿ, ಮಾರಿದವರ ಹೆಸರು ಹೋಗಿ ನಿಮ್ಮ ಹೆಸರು ಬಂದದ್ದು ಮ್ಯುಟೇಶನ್. ಇಲ್ಲಿ ಯಾರೂ ತಪ್ಪು ಮಾಡಿಲ್ಲ, ಹಕ್ಕು ಬದಲಾಯಿತು. ಕೃಷಿಯ ಜಾಗವನ್ನು ಮನೆ ಕಟ್ಟಲು ಪರಿವರ್ತಿಸಿದ್ದು ಕನ್ವರ್ಶನ್. ಒಂದು ಬಗೆಯಿಂದ ಇನ್ನೊಂದು ಬಗೆಗೆ ಪೂರ್ತಿ ಹೋಗುವುದಕ್ಕೆ ಈ ಶಬ್ದ. ಜಾಗದ ಬಗೆಗೂ ಅದೇ, ಡಾಲರನ್ನು ರೂಪಾಯಿ ಮಾಡುವುದಕ್ಕೂ ಅದೇ, ಮತ ಬದಲಿಸುವುದಕ್ಕೂ ಅದೇ. ನೋಂದಣಿಯಾದ ಕ್ರಯಪತ್ರದಲ್ಲಿ ಸರ್ವೆ ನಂಬರ್ ತಪ್ಪಿದ್ದರೆ ಮಾರಿದವರೂ ಕೊಂಡವರೂ ಸೇರಿ ಇನ್ನೊಂದು ಪತ್ರ ಮಾಡಬೇಕು, ಅದೇ ತಿದ್ದುಪಡಿ ಪತ್ರ, ರೆಕ್ಟಿಫಿಕೇಶನ್ ಡೀಡ್. ಪಹಣಿಯನ್ನು ಕಂಪ್ಯೂಟರಿಗೆ ಹಾಕುವಾಗ ‘ಶೆಟ್ಟಿ’ ಹೋಗಿ ‘ಶೆಟಿ’ ಆಗಿದ್ದರೆ ಬರೀ ಕರೆಕ್ಷನ್. ಬೆಲೆಯೋ ಗಡಿಯೋ ಬೇರೆಯಾಗಬೇಕೆಂದು ಈಗ ಅನ್ನಿಸಿದರೆ ಅದಕ್ಕೆ ರೆಕ್ಟಿಫಿಕೇಶನ್ ಎಂಬ ಬಟ್ಟೆ ತೊಡಿಸಬೇಡಿ, ವಕೀಲರ ಹತ್ತಿರ ಹೋಗಿ.

ಕೊರಿಜೆಂಡಮ್, ಎರ್ರಾಟಾ, ಅಡೆಂಡಮ್. ಟೆಂಡರ್ ನೋಟೀಸಿನಲ್ಲಿ ಕಂಡಾಗಲೆಲ್ಲ ತಲೆ ತಿರುಗುತ್ತದೆ.

ಕೊರಿಜೆಂಡಮ್ ಎಂದರೆ ‘ತಿದ್ದಬೇಕಾದದ್ದು’. ನಮ್ಮ ಸರಕಾರಿ ಕನ್ನಡದಲ್ಲಿ ಅದಕ್ಕೆ ತಿದ್ದೋಲೆ ಎಂಬ ಚೆಂದದ ಶಬ್ದ ಇದೆ. ಎರ್ರಾಟಮ್ ಒಂದು ತಪ್ಪು, ಎರ್ರಾಟಾ ಹಲವು. ಪುಸ್ತಕದ ಕೊನೆಗೆ ಹಚ್ಚುವ ಒಪ್ಪೋಲೆ ಅದು. ಪ್ರೆಸ್ಸಿನವರು ಇನ್ನೊಂದು ಭೇದ ಮಾಡುತ್ತಾರೆ: ಅಚ್ಚಿನಲ್ಲಾದ ತಪ್ಪಿಗೆ ಎರ್ರಾಟಮ್, ಬರೆದವರದ್ದೇ ತಪ್ಪಿಗೆ ಕೊರಿಜೆಂಡಮ್. ಯಾರ ತಲೆಗೆ ಕಟ್ಟಬೇಕು ಎಂಬುದು ಒಂದೇ ಶಬ್ದದಲ್ಲಿ ತೀರ್ಮಾನ! ಅಡೆಂಡಮ್‌ನಲ್ಲಿ ತಪ್ಪೇನೂ ಇಲ್ಲ, ಸೇರಿಸಲು ಬಿಟ್ಟುಹೋದದ್ದು.

ನನ್ನ ಪ್ರೂಫ್ ದಿನಗಳ ಒಂದು ಮಾನಗೇಡಿ ಕಥೆ ಹೇಳಿಬಿಡುತ್ತೇನೆ. ಒಂದು ಬ್ರಹ್ಮಕಲಶದ ಸ್ಮರಣಸಂಚಿಕೆಯಲ್ಲಿ ದಾನಿಗಳೊಬ್ಬರ ಇನಿಶಿಯಲ್ ತಪ್ಪಿತು. ರಾತ್ರೋರಾತ್ರಿ ಒಪ್ಪೋಲೆ ಚೀಟಿ ಅಚ್ಚು ಮಾಡಿ ಪ್ರತಿ ಪುಸ್ತಕಕ್ಕೂ ಅಂಟಿಸಿದೆವು. ಚೀಟಿಯಲ್ಲಿ ಇನಿಶಿಯಲ್ ಸರಿಯಾಗಿತ್ತು, ಅವರ ಊರಿನ ಹೆಸರು ತಪ್ಪಿತ್ತು. ಚೀಟಿಯ ಪ್ರೂಫ್ ನೋಡಿದವನೂ ನಾನೇ.

ಎಡಿಟ್, ಪ್ರೂಫ್‌ರೀಡ್, ರಿವೈಸ್, ಎಮೆಂಡ್ ಎಲ್ಲ ಬರಹ ತಿದ್ದುವುದೇ ತಾನೇ?

ಪ್ರೂಫ್ ನೋಡುವವನು ಕೊಂಬು ದೀರ್ಘ ನೋಡುತ್ತಾನೆ, ವಾಕ್ಯ ಹಾಳಾಗಿದ್ದರೂ ಅದು ಅವನ ಸೀಮೆಯಲ್ಲ. ಎಡಿಟ್ ಮಾಡುವವನು ವಾಕ್ಯ ಕತ್ತರಿಸುತ್ತಾನೆ, ಪ್ಯಾರಾ ಎತ್ತಿ ಇನ್ನೊಂದು ಕಡೆ ಇಡುತ್ತಾನೆ. ರಿವೈಸ್ ಹೆಚ್ಚಾಗಿ ಬರೆದವರೇ ಮಾಡುವ ಕೆಲಸ. ಎಮೆಂಡ್ ವಿದ್ವಾಂಸರ ಶಬ್ದ: ತಾಳೆಗರಿಯ ಪ್ರತಿಯಲ್ಲಿ ಲಿಪಿಕಾರ ತಪ್ಪಿದ ಪಾಠವನ್ನು ಬೇರೆ ಪ್ರತಿಗಳೊಂದಿಗೆ ಹೋಲಿಸಿ ಸರಿಪಡಿಸುವುದು. ಆಫೀಸಿನ ಈಮೇಲಿನಲ್ಲಿ ಅದನ್ನು ಬಳಸಿದರೆ ನೀವು ಅಮೆಂಡ್ ಬರೆಯಲು ಹೋಗಿ ಸ್ಪೆಲಿಂಗ್ ತಪ್ಪಿದ್ದೀರಿ ಎಂದೇ ಎಲ್ಲರೂ ತಿಳಿಯುತ್ತಾರೆ.

‘ಐ ವಿಲ್ ರಿವರ್ಟ್’ ಅಂತ ನಮ್ಮ ಮ್ಯಾನೇಜರ್ ದಿನಾ ಬರೆಯುತ್ತಾರೆ. ಸರಿಯಾ?

ರಿವರ್ಟ್ ಎಂದರೆ ಹಿಂದಿನ ಸ್ಥಿತಿಗೆ ಮರಳುವುದು. ನಮ್ಮ ಆಫೀಸುಗಳಲ್ಲಿ ಅದಕ್ಕೆ ‘ಉತ್ತರ ಕೊಡುತ್ತೇನೆ’ ಎಂಬ ಅರ್ಥ ಬಂದು ಗಟ್ಟಿಯಾಗಿ ಕೂತಿದೆ. ಒಳಗಿನ ಪತ್ರಕ್ಕೆ ನಡೆಯುತ್ತದೆ. ಹೊರದೇಶಕ್ಕೆ ಬರೆಯುವಾಗ ರಿಪ್ಲೈ ಸಾಕು. ಮ್ಯಾನೇಜರರನ್ನು ತಿದ್ದಲು ಹೋಗಬೇಡಿ.

## ಇನ್ನು ಸ್ವಲ್ಪ ಆಳಕ್ಕೆ

ಅಮೆಂಡ್ ಅಂದರೂ ತಿದ್ದುವುದು, ಕರೆಕ್ಟ್ ಅಂದರೂ ತಿದ್ದುವುದು. ಸಂವಿಧಾನಕ್ಕೆ ಮಾತ್ರ ಯಾಕೆ ಅಮೆಂಡ್?

ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಒಂದು ಲೋಟ ಚಾ ಕೊಡುತ್ತೇನೆ, ಯಾಕೆಂದರೆ ಉತ್ತರ ಉದ್ದ.

ಅಮೆಂಡ್ ಹುಟ್ಟಿದ್ದು ಲ್ಯಾಟಿನ್ನಿನ ‘ದೋಷ ಕಳೆ’ ಎಂಬ ಶಬ್ದದಿಂದ. ಬಲೆ ಹೊಲಿಯುವ ಮೆಂಡ್ ಇದರದ್ದೇ ತಲೆ ಹಾರಿಹೋದ ರೂಪ. ಆದರೆ ಕಾನೂನಿಗೆ ಬಂದ ಮೇಲೆ ಅದು ಬೆಳೆಯಿತು. ಸಂವಿಧಾನದ 368ನೆಯ ವಿಧಿಯ ಪ್ರಕಾರ ಸೇರಿಸುವುದು, ವ್ಯತ್ಯಾಸ ಮಾಡುವುದು, ತೆಗೆದುಹಾಕುವುದು ಮೂರೂ ಅಮೆಂಡ್‌ನ ಒಳಗೆ ಬರುತ್ತವೆ. ಹಾಗಾದರೆ ಎಲ್ಲಿಯವರೆಗೆ? ತೆಗೆಯುತ್ತಾ ತೆಗೆಯುತ್ತಾ ಪೂರ್ತಿ ತೆಗೆದರೂ ಅದು ಅಮೆಂಡ್ ಆದೀತಾ?

ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ನಿಂತದ್ದು ನಮ್ಮ ನೆರೆಯ ಮಠದ ಹೆಸರಿನಲ್ಲಿ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರು ಮಠದ ಭೂಮಿಯ ಸಲುವಾಗಿ ಕೇರಳದ ಭೂಸುಧಾರಣೆಯ ಕಾನೂನನ್ನು ಪ್ರಶ್ನಿಸಿದ್ದರು. 13 ನ್ಯಾಯಾಧೀಶರು ಕೂತು ಕೇಳಿ, 1973ರ ಏಪ್ರಿಲ್ 24ರಂದು 7ಕ್ಕೆ 6ರ ಅಂತರದಲ್ಲಿ ತೀರ್ಪು ಕೊಟ್ಟರು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ವಾದ ನಿಂತದ್ದೇ ಅಮೆಂಡ್ ಎಂಬ ಶಬ್ದದ ಮೇಲೆ. ತಿದ್ದುವುದು ಎಂದರೆ ಬದಲಾದ ಮೇಲೂ ಹಳೆಯದು ತನ್ನ ಗುರುತು ಕಳೆದುಕೊಳ್ಳದೆ ಉಳಿದಿದೆ ಎಂದರ್ಥ, ಹಳೆಯದನ್ನು ಅಳಿಸಿ ಹೊಸತು ಬರೆದರೆ ಅದು ತಿದ್ದುಪಡಿ ಆಗುವುದಿಲ್ಲ ಎಂಬುದು ಅದರ ತಿರುಳು. ಕೋರ್ಟಿನಲ್ಲಿ ಆದದ್ದು ಬರೀ ವ್ಯಾಕರಣದ ಚರ್ಚೆ ಅಂತಲ್ಲ. ಆದರೂ ‘ಶಬ್ದದಲ್ಲಿ ಏನಿದೆ ಮಾಷ್ಟ್ರೇ’ ಎನ್ನುವ ಮಕ್ಕಳಿಗೆ ನಾನು ಕೊಡುತ್ತಿದ್ದ ಉದಾಹರಣೆ ಇದೇ.

ಬಹುವಚನದ ‘ಮೇಕ್ ಅಮೆಂಡ್ಸ್’ ಬೇರೆಯೇ ಸಂಗತಿ. ಮಾಡಿದ ತಪ್ಪಿಗೆ ಏನಾದರೂ ಕೊಟ್ಟೋ ಮಾಡಿಯೋ ಸರಿದೂಗಿಸುವುದು. ದೈವಸ್ಥಾನದಲ್ಲಿ ನಾವು ಇಡುವ ತಪ್ಪುಕಾಣಿಕೆಗೆ ಇದಕ್ಕಿಂತ ಹತ್ತಿರದ ಇಂಗ್ಲಿಷ್ ನನಗೆ ಸಿಕ್ಕಿಲ್ಲ.

ಹಾಗಾದರೆ ಭೂಸುಧಾರಣೆಗೆ ಯಾಕೆ ರಿಫಾರ್ಮ್? ಇಂಪ್ರೂವ್‌ಮೆಂಟ್ ಅನ್ನಬಹುದಿತ್ತಲ್ಲ?

ಗದ್ದೆಗೆ ಗೊಬ್ಬರ ಹಾಕಿ, ತೋಡು ಸರಿಮಾಡಿ ಫಸಲು ಹೆಚ್ಚಿಸಿದರೆ ಅದು ಲ್ಯಾಂಡ್ ಇಂಪ್ರೂವ್‌ಮೆಂಟ್. ಗದ್ದೆ ಯಾರದ್ದು ಎಂಬ ವ್ಯವಸ್ಥೆಯನ್ನೇ ತಿರುಗಿಸಿ ಹಾಕಿದರೆ ಅದು ಲ್ಯಾಂಡ್ ರಿಫಾರ್ಮ್. ಕರ್ನಾಟಕದ 1961ರ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿಯ ನಂತರ ನಮ್ಮ ಜಿಲ್ಲೆಯ ಗೇಣಿ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟು ಜಾಗಕ್ಕೆ ಒಡೆಯರಾದರು. ಕಾನೂನು ಅಮೆಂಡ್ ಆಯಿತು, ವ್ಯವಸ್ಥೆ ರಿಫಾರ್ಮ್ ಆಯಿತು, ಗದ್ದೆ ಇದ್ದ ಹಾಗೇ ಇತ್ತು. ಮನುಷ್ಯನಿಗೂ ರಿಫಾರ್ಮ್ ಹೇಳುತ್ತಾರೆ: ಕುಡಿತ ಬಿಟ್ಟವನು ರಿಫಾರ್ಮ್ಡ್. ಪರೀಕ್ಷೆಯಲ್ಲಿ ನಾಲ್ಕು ಅಂಕ ಹೆಚ್ಚು ತೆಗೆದವನು ಬರೀ ಇಂಪ್ರೂವ್ಡ್.

ಮ್ಯಾಂಗಲೋರ್ ಮಂಗಳೂರು ಆದದ್ದು ಚೇಂಜಾ, ಕರೆಕ್ಷನ್ನಾ, ರೆಸ್ಟೋರೇಶನ್ನಾ?

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಸರಕಾರದ ಕಾಗದಕ್ಕೆ ಅದು ಚೇಂಜ್. ‘ಬ್ರಿಟಿಷರು ತಪ್ಪಾಗಿ ಬರೆದದ್ದನ್ನು ಸರಿಮಾಡಿದೆವು’ ಎನ್ನುವವರಿಗೆ ಕರೆಕ್ಷನ್. ‘ನಮ್ಮದನ್ನು ನಮಗೆ ಮರಳಿ ತಂದೆವು’ ಎನ್ನುವವರಿಗೆ ರೆಸ್ಟೋರೇಶನ್. ಯಾವ ಶಬ್ದ ಆರಿಸಿದಿರಿ ಎಂಬುದರಿಂದ ನೀವು ಯಾವ ಕಡೆಯವರು ಎಂದು ಗೊತ್ತಾಗುತ್ತದೆ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ ಎನ್ನುವವರಿಗೆ ಮೂರೂ ಅಲ್ಲ, ಅವರ ಬಾಯಲ್ಲಿ ಏನೂ ಆಗಲೇ ಇಲ್ಲ. ಬನ್ಸು ಮತ್ತು ಹಂಚು ಇಂಗ್ಲಿಷಿನಲ್ಲಿ ಇನ್ನೂ ಮ್ಯಾಂಗಲೋರ್ ಆಗಿಯೇ ಇವೆ.

ಕೊನೆಗೆ ಒಂದು. ನಮ್ಮ ‘ತಿದ್ದು’ ಎಂಬುದಕ್ಕೆ ಸರಿಯಾದ ಒಂದು ಇಂಗ್ಲಿಷ್ ಶಬ್ದ ಕೊಡಿ ಮಾಷ್ಟ್ರೇ.

ಕೊಡಲು ಬರುವುದಿಲ್ಲ. ಪತ್ರ ತಿದ್ದಿದರೆ ಎಡಿಟ್. ಕಾನೂನು ತಿದ್ದಿದರೆ ಅಮೆಂಡ್. ದಾರಿ ತಪ್ಪಿದ ಮಗನನ್ನು ತಿದ್ದಿದರೆ ರಿಫಾರ್ಮ್. ಹಣೆಗೆ ತಿಲಕ ತಿದ್ದಿದರೆ ಇದ್ಯಾವುದೂ ಅಲ್ಲ, ಅಲ್ಲಿ ತಪ್ಪೇ ಇರಲಿಲ್ಲ. ವಿಜಯದಶಮಿಯ ದಿನ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಓಂ ಎಂದು ತಿದ್ದಿಸುತ್ತೇವೆ. ಮಗು ಇನ್ನೂ ಒಂದು ಅಕ್ಷರವನ್ನೂ ಬರೆದಿಲ್ಲ, ತಪ್ಪಿಯೂ ಇಲ್ಲ, ಆದರೂ ತಿದ್ದುತ್ತದೆ. ಇಂಗ್ಲಿಷಿನವರು ಅದಕ್ಕೆ ಟ್ರೇಸ್ ಎನ್ನುತ್ತಾರೆ. ನಮ್ಮ ಮೊಮ್ಮಗಳು ಮೊನ್ನೆ ಬಟ್ಟಲಿನ ಅಕ್ಕಿಯನ್ನೆಲ್ಲ ಚಾವಡಿಯ ತುಂಬ ಚೆಲ್ಲಿ, ‘ಅಜ್ಜ, ತಿದ್ದಿ ಆಯ್ತು’ ಎಂದು ಎದ್ದು ಹೋದಳು.